ಕನ್ಸರ್ವೇಟಿವ್ ಅಂದ್ರೆ ಮಡಿವಂತರೇನಾ?

ಕನ್ಸರ್ವೇಟಿಸಂ ಅಂದರೆ ಹಳೆಯದಕ್ಕೆಲ್ಲ ಜೋತುಬೀಳುವುದು ತಾನೇ, ಅದರಲ್ಲೂ ಬಗೆಗಳಿವೆಯಾ ಅಂತ ಕೇಳಿದ್ದೀರಿ. ಅರ್ಧ ಗೊಂದಲ ನಮ್ಮ ಪದದ್ದೇ. ‘ಸಂಪ್ರದಾಯವಾದಿ’ ಅಂದ ಕೂಡಲೇ ಕಣ್ಣಿಗೆ ಬರುವುದು ಮಡಿ ಉಟ್ಟವರು. ರಾಜಕೀಯದಲ್ಲಿ ಮಾತು ಅದಲ್ಲ.

ಗದಗ ಹತ್ತಿರ ನಮ್ಮದು ಮಣ್ಣಿನ ಮಾಳಿಗೆ ಮನೆ. ಅಡುಗೆಮನೆ ಮೇಲೊಂದು ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಹತ್ತಿ ಮುಚ್ಚಬೇಕು, ದೊಡ್ಡ ಕಾಟ. ಕಾಕಾ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸುವಾಗ ಅಜ್ಜ, “ಕಿಂಡಿ ಮುಚ್ಚಬ್ಯಾಡೋ, ಹೊಗಿ ಎಲ್ಲಿ ಹೋಗ್ಬೇಕು?” ಅಂದ. ಯಾರೂ ಕೇಳಲಿಲ್ಲ. ಒಲೆ ಮಾತ್ರ ಹಳೆಯದೇ ಉಳಿಯಿತು. ಮುಂದಿನ ಯುಗಾದಿಗೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಹೋಳಿಗೆ ಬೇಯಿಸಿದಳು. ಹೊಸ ಸ್ಲ್ಯಾಬಿಗೆ ಆಗಲೇ ಮಸಿ ಹಿಡಿದಿತ್ತು.

ಫ್ರಾನ್ಸಿನ ಕ್ರಾಂತಿ ನೋಡಿ ಬ್ರಿಟನ್ನಿನ ಸಂಸದ ಎಡ್ಮಂಡ್ ಬರ್ಕ್ 1790ರಲ್ಲಿ ಬರೆದದ್ದು ಹೆಚ್ಚುಕಡಿಮೆ ಅಜ್ಜನ ಮಾತೇ. ತಲೆಮಾರುಗಟ್ಟಲೆ ಬೆಳೆದು ಬಂದ ವ್ಯವಸ್ಥೆಯಲ್ಲಿ ಯಾವುದು ಯಾಕಿದೆ ಅಂತ ಒಬ್ಬರ ಬುದ್ಧಿಗೆ ಪೂರ್ತಿ ಹೊಳೆಯುವುದಿಲ್ಲ. ಕಾಗದದ ನಕ್ಷೆ ನಂಬಿ ಎಲ್ಲ ಕೆಡವಬೇಡಿ, ದುರಸ್ತಿ ಮಾಡಿ. ಹಾಗಂತ ಬರ್ಕ್ ಬದಲಾವಣೆಯ ವೈರಿಯಲ್ಲ. ಅಮೆರಿಕದ ವಸಾಹತುಗಳ ಪರ ಮಾತಾಡಿದವರು. ಭಾರತದಲ್ಲಿ ನಡೆಸಿದ ದಬ್ಬಾಳಿಕೆಗಾಗಿ, ಇಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನನ್ನು ಪಾರ್ಲಿಮೆಂಟಿನ ಮುಂದೆ ವಿಚಾರಣೆಗೆ ಎಳೆದವರು. 1795ರಲ್ಲಿ ಅವನು ಖುಲಾಸೆಯಾದ, ಅದು ಬೇರೆ ಮಾತು.

ಬಗೆಗಳಿವೆ, ಅವುಗಳ ನಡುವೆ ಜಗಳವೂ ಜಾಸ್ತಿ. ಕ್ರಾಂತಿಯನ್ನು ವಿರೋಧಿಸಿದ ಅದೇ ಕಾಲದ ಚಿಂತಕ ಜೋಸೆಫ್ ದ ಮೇಸ್ತ್ರ್‌ಗೆ ದುರಸ್ತಿ ಸಾಲದು, ರಾಜ ಮತ್ತು ಚರ್ಚಿನ ಹಿಡಿತವೇ ವಾಪಸ್ ಬರಬೇಕು. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ನಾಯಕ ಡಿಸ್ರೇಲಿಗೆ ಬಡವರು, ಶ್ರೀಮಂತರು ಎರಡು ದೇಶವಾಗಿಬಿಡುತ್ತಾರೆ ಅನ್ನುವ ಚಿಂತೆ. 1867ರಲ್ಲಿ ಪಟ್ಟಣದ ಎಷ್ಟೋ ಕೂಲಿಕಾರರಿಗೆ ಮತದ ಹಕ್ಕು ಸಿಕ್ಕಿದ್ದು ಅವರ ಪಕ್ಷದ ಸರ್ಕಾರದಿಂದಲೇ. ಅದೇ ಪಕ್ಷದಿಂದ 1979ರಲ್ಲಿ ಪ್ರಧಾನಿಯಾದ ಥ್ಯಾಚರ್ ಸರ್ಕಾರಿ ಕಂಪನಿಗಳನ್ನು ಮಾರಿದರು. ಬರ್ಕ್ ಇದ್ದಿದ್ದರೆ ಇದೂ ಕೆಡವುವ ಕೆಲಸವೇ ಅಂತಿದ್ದರೇನೋ! ನಮ್ಮಲ್ಲಿ 1959ರಲ್ಲಿ ಹುಟ್ಟಿದ ರಾಜಾಜಿಯವರ ಸ್ವತಂತ್ರ ಪಕ್ಷ ಥ್ಯಾಚರ್ ದಾರಿಗೆ ಹತ್ತಿರವಿತ್ತು. ಉದ್ಯಮ ನಡೆಸಲು ಎಲ್ಲದಕ್ಕೂ ಸರ್ಕಾರದ ಪರವಾನಗಿ ಕೇಳುವ ಲೈಸೆನ್ಸ್ ರಾಜ್ ಬೇಡ, ಆದರೆ ಧರ್ಮದ ಬಗ್ಗೆ ಗೌರವ ಇರಲಿ ಅನ್ನುವ ಧಾಟಿ.

ನನ್ನದೂ ಒಂದು ತಕರಾರಿದೆ. ಅದೇ ಮನೆಯಲ್ಲಿ ತಿಂಗಳಿಗೆ ಮೂರು ದಿನ ಅಕ್ಕ ಹಿತ್ತಲ ಬಾಗಿಲ ಹತ್ತಿರ ಮಲಗಬೇಕಿತ್ತು. “ಹಿರ್ಯಾರು ಏನೋ ತಿಳದ ಮಾಡಿರ್ತಾರ” ಅಂತ ಅಜ್ಜ ಅದಕ್ಕೂ ಹೇಳುತ್ತಿದ್ದ. ಬೆಳಕಿಂಡಿ ಉಳಿಸಬೇಕು, ಇದನ್ನು ಬಿಡಬೇಕು ಅಂತ ಅಳೆಯುವ ಕೋಲು ನನಗೆ ಬರ್ಕ್ ಹತ್ತಿರ ಸಿಗಲಿಲ್ಲ. ಅಕ್ಕ ನೌಕರಿ ಸಿಕ್ಕು ಹುಬ್ಬಳ್ಳಿಗೆ ಬಂದ ದಿನವೇ ಆ ಪದ್ಧತಿ ಬಿಟ್ಟಳು. ದುರಸ್ತಿ ಗಿರಸ್ತಿ ಏನೂ ಮಾಡಲಿಲ್ಲ.