ಪ್ರ: ವರ್ಜೀನಿಯಾದ ಉಯಿಲಿನಲ್ಲಿ ಹಿರಿಮಗನ ಹೆಸರೇ ಇಲ್ಲ

ನಿಮ್ಮ ಸೊಸೆಯ ಮನೆತನದವರ 1768ರ ಉಯಿಲಿನಲ್ಲಿ ಕಿರಿಯ ಮಕ್ಕಳಷ್ಟೇ ಇದ್ದಾರೆ, ಹಾಗಾದರೆ ಹಿರಿಯವ ಆ ಮನೆಯವನೇ ಅಲ್ಲವಾ ಅಂತ ಕೇಳಿದ್ದೀರಿ. ಅಷ್ಟು ಬೇಗ ಅವನನ್ನು ಕೈಬಿಡಬೇಡಿ. ಆಗ ವರ್ಜೀನಿಯಾದಲ್ಲಿ ಉಯಿಲಿನಲ್ಲಿ ಬರೆಯದೆ ಉಳಿದ ಜಮೀನು ಕಾನೂನಿನ ಪ್ರಕಾರ ಹಿರಿಮಗನಿಗೇ ಹೋಗುತ್ತಿತ್ತು. ಈ ಪದ್ಧತಿ ತೆಗೆದ ಕಾಯ್ದೆ ಬಂದದ್ದು 1785ರಲ್ಲಿ. ಕೆಲವರು ಬದುಕಿದ್ದಾಗಲೇ ಅವನಿಗೆ ಜಮೀನು ಬರೆದುಕೊಟ್ಟು, ಉಯಿಲಿನಲ್ಲಿ ಸುಮ್ನೆ ಇರುತ್ತಿದ್ದರು.

ಹಾಗಾಗಿ ಕ್ರಯಪತ್ರ ನೋಡಿ. ಕೊಂಡ ದಾಖಲೆಯೇ ಇಲ್ಲದ ಜಮೀನನ್ನು ಒಬ್ಬ ಮಾರುತ್ತಿದ್ದರೆ, ಅದು ಪಿತ್ರಾರ್ಜಿತ ಇರಬಹುದು. ಚಕ್ಕುಬಂದಿಯನ್ನು ಅಪ್ಪನ ಪತ್ರದ ಜೊತೆ ಹೋಲಿಸಿ. ಅದೇ ಹಳ್ಳ, ಅದೇ ಓಕ್ ಮರ, ಅದೇ ನೆರೆಯವರು ಸಿಕ್ಕರೆ ಅರ್ಧ ಕೆಲಸ ಆಯಿತು. ಸಾಕ್ಷಿಗಳ ಹೆಸರನ್ನೂ ಬಿಡಬೇಡಿ, ಎಷ್ಟೋ ಸಲ ಭಾವ, ಮಾವಂದಿರೇ ಸಹಿ ಹಾಕಿರುತ್ತಾರೆ. ಗಂಡ ತೀರಿಕೊಂಡರೆ ಅವನ ಜಮೀನಿನಲ್ಲಿ ಹೆಂಡತಿಗೆ ಮೂರನೇ ಒಂದು ಪಾಲಿನ ಹಕ್ಕು ಇರುತ್ತಿತ್ತು; ಮಾರುವಾಗ ಅವಳು ಅದನ್ನು ಬಿಟ್ಟುಕೊಟ್ಟಿದ್ದರೆ ಅವಳ ಹೆಸರೂ ಸಿಗುತ್ತದೆ. ಮನೆಯ ಹೆಣ್ಣುಮಕ್ಕಳ ಹೆಸರು ಬೇರೆಲ್ಲೂ ಸಿಗದೆ ಇಲ್ಲಿ ಮಾತ್ರ ಉಳಿದಿರುವುದೂ ಉಂಟು.

ಇನ್ನೊಂದು ಮಾತು. ನೀವು ವರ್ಜೀನಿಯಾದ ಬಾಟಟಾಟ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮಾತ್ರ ಹುಡುಕಿದ್ದೀರಿ, ಅಲ್ವಾ? ಅದು ಆಗಸ್ಟಾ ಕೌಂಟಿಯಿಂದ ಬೇರೆಯಾದದ್ದೇ 1770ರಲ್ಲಿ. ಅದಕ್ಕೂ ಹಿಂದಿನ ಪತ್ರಗಳಿಗೆ ಆಗಸ್ಟಾದ ದಾಖಲೆ ಪುಸ್ತಕಗಳನ್ನೇ ತೆರೆಯಬೇಕು. ಕುಟುಂಬ ಕದಲದಿದ್ದರೂ ಕೌಂಟಿ ಗಡಿ ಕದಲುತ್ತಿತ್ತು!

ಹಾಂ, ಹೆಸರಿನ ಮುಂದೆ ‘ಜೂನಿಯರ್’ ಕಂಡರೆ ಮಗ ಅಂತ ತಿಳಿಯಬೇಡಿ. ಆಗ ಅದೇ ಊರಿನ, ಅದೇ ಹೆಸರಿನ ಕಿರಿಯವನಿಗೂ ಹಾಗೆ ಬರೆಯುತ್ತಿದ್ದರು.