‘ಜೀವಕೋಶವೆಂಬ ನಗರ’ ಲೇಖನದ ಬಗ್ಗೆ

ನಮಸ್ಕಾರ. ನೀವು ಕಳಿಸಿದ ‘ಜೀವಕೋಶವೆಂಬ ನಗರ’ ಓದಿದೆ. ಈಗಿರುವ ಹಾಗೆ ಹಾಕಲು ಬರುವುದಿಲ್ಲ. ಆದರೆ ನಾಲ್ಕನೇ ಪುಟದಲ್ಲಿ ಮೊಟ್ಟೆಯ ಬಗ್ಗೆ ಒಂದು ಪ್ಯಾರಾ ಇದೆ. ಅದೊಂದಕ್ಕಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ಮೈಟೋಕಾಂಡ್ರಿಯಾ ಪವರ್ ಹೌಸ್, ಕೋಶಕೇಂದ್ರ ವಿಧಾನಸೌಧ, ಪೊರೆ ಚೆಕ್‌ಪೋಸ್ಟ್. ಇದನ್ನೆಲ್ಲ ಹೈಸ್ಕೂಲಿನಿಂದ ಕೇಳಿಕೊಂಡೇ ಬಂದಿದ್ದೇವೆ, ಅಲ್ವಾ? ಹೋಲಿಕೆಯ ಭರದಲ್ಲಿ ‘ವಿಧಾನಸೌಧವಿಲ್ಲದ ಕೋಶವೇ ಇಲ್ಲ’ ಅಂತಲೂ ಬರೆದಿದ್ದೀರಿ. ಬ್ಯಾಕ್ಟೀರಿಯಾಗಳಿಗೆ ಕೋಶಕೇಂದ್ರ ಇಲ್ಲ. ನಮ್ಮದೇ ರಕ್ತದ ಕೆಂಪುಕಣ ಬಲಿಯುವ ಹೊತ್ತಿಗೆ ತನ್ನ ಕೋಶಕೇಂದ್ರವನ್ನು ಹೊರಗೆ ಹಾಕಿರುತ್ತದೆ.

ಈಗ ಮೊಟ್ಟೆಗೆ ಬರೋಣ. ಬೇಯಿಸಿದರೆ ಲೋಳೆ ಯಾಕೆ ಬೆಳ್ಳಗೆ ಗಟ್ಟಿಯಾಗುತ್ತದೆ ಅಂತ ಕೇಳಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಆದರೆ ‘ಶಾಖಕ್ಕೆ ಪ್ರೋಟೀನಿನ ಸರಪಳಿ ತುಂಡಾಗುತ್ತದೆ’ ಅನ್ನುವ ನಿಮ್ಮ ಉತ್ತರ ತಪ್ಪು. ಆ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳನ್ನು ಸಾಲಾಗಿ ಹಿಡಿದಿರುವುದು ಸಹವೇಲೆನ್ಸೀಯ ಬಂಧ, ಅಂದರೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಗಟ್ಟಿ ಬಂಧ. ಹತ್ತು ನಿಮಿಷ ಕುದಿಸಿದರೆ ಅದು ಜಗ್ಗುವುದಿಲ್ಲ. ಸಡಿಲವಾಗುವುದು ಆ ಸರಪಳಿಯನ್ನು ಮಡಚಿ ಉಂಡೆ ಮಾಡಿಟ್ಟಿದ್ದ ಸಣ್ಣಪುಟ್ಟ ಸೆಳೆತಗಳು. ಮಡಿಕೆ ಬಿಚ್ಚಿತು ಅಂದರೆ ಒಳಗೆ ಅಡಗಿದ್ದ, ನೀರಿಗೆ ಒಗ್ಗದ ಭಾಗಗಳು ಹೊರಗೆ ಬರುತ್ತವೆ. ಪಕ್ಕದ ಸರಪಳಿಯ ಅಂಥದೇ ಭಾಗಗಳಿಗೆ ಅಂಟಿಕೊಳ್ಳುತ್ತವೆ. ಎಲ್ಲ ಸೇರಿ ಬಲೆಯಾಗುತ್ತದೆ. ಅದರಲ್ಲಿ ಬೆಳಕು ಚದುರಿ ಬೆಳ್ಳಗೆ ಕಾಣುತ್ತದೆ.

ಇಲ್ಲಿ ಅಂಕಿ ಕೊಡಿ. ಸಹವೇಲೆನ್ಸೀಯ ಬಂಧವಾದ ಕಾರ್ಬನ್-ಕಾರ್ಬನ್ ಬಂಧ ಮುರಿಯಲು ಒಂದು ಮೋಲ್‌ಗೆ ಸುಮಾರು 350 ಕಿಲೋಜೂಲ್ ಬೇಕು. ಮಡಿಕೆಯನ್ನು ಹಿಡಿದಿಡುವ ಸಣ್ಣ ಸೆಳೆತಗಳಲ್ಲೊಂದಾದ ಹೈಡ್ರೋಜನ್ ಬಂಧಕ್ಕೆ 20ರ ಆಸುಪಾಸು ಸಾಕು. ಇಷ್ಟು ದುರ್ಬಲ ಬಂಧವನ್ನು ನಂಬಿಕೊಂಡು ಡಿಎನ್ಎಯ ಎರಡು ಎಳೆ ಯಾಕೆ ಜೊತೆಯಾಗಿವೆ? ಪ್ರತಿ ತೆಗೆಯಲು ಅವು ಬಿಚ್ಚಿಕೊಳ್ಳಲೇಬೇಕು, ಅದಕ್ಕೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲೂ ಇದೇ ನಡೆಯುತ್ತದೆ. 95 ಡಿಗ್ರಿಗೆ ಕಾಯಿಸಿದರೆ ಎಳೆಗಳು ಬೇರೆಯಾಗುತ್ತವೆ, ಆದರೆ ಒಂದೊಂದು ಎಳೆಯೂ ಇಡಿಯಾಗಿಯೇ ಇರುತ್ತದೆ.

ಪೊರೆಯ ಬಗ್ಗೆ ಬರೆದದ್ದನ್ನೂ ತಿದ್ದಬೇಕು. ಪೊರೆಯ ಅಣುಗಳಿಗಿರುವ ಉದ್ದ ಬಾಲಗಳ ಬಗ್ಗೆ ‘ಕೊಬ್ಬಿನ ಬಾಲಗಳು ಒಂದನ್ನೊಂದು ಬಿಗಿಯಾಗಿ ಎಳೆದು ಹಿಡಿದಿವೆ’ ಅಂದಿದ್ದೀರಿ. ಅವುಗಳ ನಡುವೆ ಸೆಳೆತ ಇದೆ, ಆದರೆ ಅಲ್ಪ. ಜಾಸ್ತಿ ಕೆಲಸ ಮಾಡುವುದು ನೀರು. ಎಣ್ಣೆಯಂಥ ಬಾಲದ ಸುತ್ತ ನೀರಿನ ಅಣುಗಳು ಕಟ್ಟುನಿಟ್ಟಾಗಿ ನಿಲ್ಲಬೇಕಾಗುತ್ತದೆ. ಬಾಲಗಳು ಒಟ್ಟಾದರೆ ನೀರಿಗೆ ಆ ಕಟ್ಟು ತಪ್ಪುತ್ತದೆ. ಸುಮಾರು 5 ನ್ಯಾನೋಮೀಟರ್ ದಪ್ಪದ ಪೊರೆ ನಿಂತಿರುವುದು ಹೀಗೆ. ಒಂದು ಅಣುವನ್ನು ಇನ್ನೊಂದಕ್ಕೆ ಗಂಟು ಹಾಕಿಲ್ಲ. ಅದಕ್ಕೇ ಅವು ಪಕ್ಕಪಕ್ಕಕ್ಕೆ ಸರಿದಾಡುತ್ತವೆ.

ಕೊನೆಯಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಒಂದೇ ಸಾಲು ಕೊಟ್ಟಿದ್ದೀರಿ. ನನಗೆ ಬೇಸರವಾದದ್ದು ಅಲ್ಲೇ. ರಸಾಯನಶಾಸ್ತ್ರಜ್ಞ ಲೈನಸ್ ಪೌಲಿಂಗ್ ಮತ್ತು ಜೊತೆಗಾರರು 1949ರಲ್ಲೇ ಇದನ್ನು ಅಣುವಿನ ಕಾಯಿಲೆ ಅಂದರು. ಕೆಂಪುಕಣದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಮಿಕ್ ಆಮ್ಲ ಎಂಬ ಅಮೈನೋ ಆಮ್ಲದ ಬದಲು ವ್ಯಾಲೀನ್ ಎಂಬ ಇನ್ನೊಂದು ಬಂದು ಕೂರುತ್ತದೆ. ಮೊದಲಿನದಕ್ಕೆ ವಿದ್ಯುದಾವೇಶ ಇತ್ತು, ನೀರಿನ ಜೊತೆ ಒಗ್ಗುತ್ತಿತ್ತು. ಇದು ಒಗ್ಗುವುದಿಲ್ಲ. ಹಿಮೋಗ್ಲೋಬಿನ್ ಆಕ್ಸಿಜನ್ ಬಿಟ್ಟುಕೊಟ್ಟ ಮೇಲೆ ಈ ವ್ಯಾಲೀನ್ ಪಕ್ಕದ ಹಿಮೋಗ್ಲೋಬಿನ್‌ನ ಸಂದಿಗೆ ಹೋಗಿ ಸೇರಿಕೊಳ್ಳುತ್ತದೆ. ಹಾಗೇ ಒಂದಕ್ಕೊಂದು ಅಂಟಿ ಉದ್ದ ನಾರಾಗಿ, ದುಂಡಗಿನ ಕಣ ಕುಡುಗೋಲಿನ ಆಕಾರಕ್ಕೆ ಬಾಗುತ್ತದೆ. ಚಾಮರಾಜನಗರ, ಮೈಸೂರು ಕಡೆಯ ಆದಿವಾಸಿ ಕುಟುಂಬಗಳಲ್ಲೂ ಇರುವ ಕಾಯಿಲೆ ಇದು. ಇದಕ್ಕೆ ಎರಡು ಪುಟ ಕೊಟ್ಟರೂ ನಾನು ಕತ್ತರಿ ಹಾಕುವುದಿಲ್ಲ.

ಮೊಟ್ಟೆ, ಡಿಎನ್ಎ, ಪೊರೆ, ಕೆಂಪುಕಣ, ಇಷ್ಟೇ ಇಟ್ಟುಕೊಂಡು ಸಾವಿರದಿನ್ನೂರು ಪದಗಳೊಳಗೆ ಮತ್ತೆ ಬರೆದು ಕಳಿಸಿ. ಇಂಟರ್ನೆಟ್‌ನಿಂದ ತೆಗೆದ ಚಿತ್ರ ಬೇಡ. ಪೆನ್ಸಿಲ್‌ನಲ್ಲಿ ಗೀಚಿ ಫೋಟೋ ಕಳಿಸಿದರೂ ಸಾಕು, ನಮ್ಮ ಕಲಾವಿದರು ಸರಿಮಾಡಿಕೊಳ್ಳುತ್ತಾರೆ.