ಸಿಮಾಸ್ ಬ್ಯಾಟರಿ ಬದಲಾಯಿಸಿದ ಮೇಲೆ ರೇಡ್ ಮಾಯ, ಹೊಸದಾಗಿ ಮಾಡಿಸಬೇಕಾ?

ಬೇಡ, ದಯವಿಟ್ಟು ಮಾಡಿಸಬೇಡಿ. ಹೊಸದಾಗಿ ರೇಡ್ ವಾಲ್ಯೂಮ್ (ಹಲವು ಡಿಸ್ಕ್ ಸೇರಿಸಿ ಒಂದೇ ಡ್ರೈವ್ ಥರ ಕಾಣಿಸುವ ಜೋಡಣೆ) ಮಾಡಿದರೆ ಈಗ ಇರುವ ಫೋಟೋಗಳೂ ಹೋಗುತ್ತವೆ.

ನೀವು ಬರೆದಿರುವುದು ಇಷ್ಟು: ಮಂಡ್ಯದಲ್ಲಿ ಸ್ಟುಡಿಯೋ. ಇಂಟೆಲ್ ಬೋರ್ಡ್, 4 ಟಿಬಿಯ ಎರಡು ಡಿಸ್ಕ್ ರೇಡ್ 1ರಲ್ಲಿ (ಎರಡರಲ್ಲೂ ಅದೇ ಡೇಟಾದ ನಕಲು), ವಿಂಡೋಸ್ ಬೇರೆ ಎಸ್‌ಎಸ್‌ಡಿಯಲ್ಲಿ. ಬೋರ್ಡಿನ ಸೆಟ್ಟಿಂಗ್ ಕಾಯುವ ಚಿಕ್ಕ ಸಿಮಾಸ್ ಬ್ಯಾಟರಿ ಬದಲಾಯಿಸಿದ ಮೇಲೆ ಒಂದು ಡಿಸ್ಕ್ ಮಾಮೂಲಿ ಡ್ರೈವ್ ಥರ ಕಾಣುತ್ತಿದೆ, ಇನ್ನೊಂದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 'ಆಫ್‌ಲೈನ್' ಅಂತಿದೆ. ನಾನು ಮೈಸೂರಿನಲ್ಲಿ ರಿಪೇರಿ ಕೆಲಸ ಮಾಡುತ್ತೇನೆ. ಇಂಥ ಕೇಸ್ ಆಗಾಗ ಬರುತ್ತವೆ, ಹೆಚ್ಚಿನವು ಸ್ಟುಡಿಯೋಗಳದ್ದೇ.

ಬ್ಯಾಟರಿ ತೆಗೆದಾಗ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್ ಅಳಿಸಿಹೋಗಿ, ಡಿಸ್ಕ್‌ಗಳನ್ನು ಬೋರ್ಡ್ ಹೇಗೆ ನೋಡಬೇಕು ಅನ್ನುವ ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ (ಪ್ರತಿ ಡಿಸ್ಕನ್ನೂ ಬಿಡಿಬಿಡಿಯಾಗಿ ತೋರಿಸುವ ಮೋಡ್) ಹೋಗಿದೆ, ಅಷ್ಟೇ. ರೇಡ್‌ನ ಲೆಕ್ಕ ಇರುವುದು ಬೋರ್ಡಿನಲ್ಲಿ ಅಲ್ಲ, ಎರಡೂ ಡಿಸ್ಕಿನ ಕೊನೆಯಲ್ಲಿ. ಅದು ಹಾಗೇ ಇದೆ. ಎರಡು ಡಿಸ್ಕಿಗೂ ಒಂದೇ ಗುರುತು ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿ ಕೂರಿಸಿದೆ. ಕೈ ತುರಿಸಿದರೂ ಅದನ್ನು 'ಆನ್‌ಲೈನ್' ಮಾಡಬೇಡಿ. ಮಾಡಿದರೆ ವಿಂಡೋಸ್ ಅದಕ್ಕೆ ಹೊಸ ಗುರುತು ಬರೆಯುತ್ತದೆ, ಜೋಡಿ ತಪ್ಪುತ್ತದೆ.

ಈಗ ಕಾಣುತ್ತಿರುವ ಡ್ರೈವ್‌ನಿಂದ ಎಲ್ಲವನ್ನೂ ಮೂರನೇ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಬಯೋಸ್‌ಗೆ ಹೋಗಿ ಮೋಡ್ ರೇಡ್ ಮಾಡಿ. ಈ ನಡುವೆ ಹೊಸ ಫೈಲ್ ಏನೂ ಹಾಕಿಲ್ಲ ಅಂದರೆ ಅಷ್ಟು ಸಾಕು, ಜೊತೆಗೆ ಒಂದು ಸಲ ವೆರಿಫೈ (ಎರಡು ಡಿಸ್ಕನ್ನೂ ಹೋಲಿಸಿ ನೋಡುವುದು) ಓಡಿಸಿ. ಹಾಕಿದ್ದರೆ ಸ್ವಲ್ಪ ಕಿರಿಕಿರಿ. ಎರಡರಲ್ಲಿರುವುದು ಬೇರೆ ಬೇರೆಯಾಗಿದ್ದರೂ ರೇಡ್‌ನ ಪರದೆ 'ನಾರ್ಮಲ್' ಅಂತಲೇ ತೋರಿಸಬಹುದು! ಆಗ ಮೋಡ್ ಬದಲಾಯಿಸುವ ಮೊದಲೇ ಆಫ್‌ಲೈನ್ ಇದ್ದ ಡಿಸ್ಕಿನ ವೈರ್ ಕಿತ್ತಿಡಿ. ಸ್ಲಾಟ್ ನಂಬರ್ ನಂಬಬೇಡಿ, ಲೇಬಲ್ ಮೇಲಿನ ಸೀರಿಯಲ್ ನಂಬರ್ ಹೋಲಿಸಿ. ಒಂದೇ ಡಿಸ್ಕಿನಲ್ಲಿ ಅರೇ (ರೇಡ್ ಜೋಡಿ) 'ಡಿಗ್ರೇಡೆಡ್', ಅಂದರೆ ಒಂದು ಡಿಸ್ಕ್ ಕಡಿಮೆ, ಅಂತ ಎದ್ದರೂ ಗಾಬರಿ ಬೇಡ. ಫೈಲ್ ನೋಡಿಕೊಂಡು, ಆಫ್ ಮಾಡಿ, ಇನ್ನೊಂದನ್ನು ಸಿಕ್ಕಿಸಿ ರೀಬಿಲ್ಡ್‌ಗೆ (ಮೊದಲನೆಯದರಿಂದ ಮತ್ತೆ ನಕಲಾಗಲು) ಬಿಡಿ. ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ 4 ಟಿಬಿಗೆ ಏಳೂವರೆ ಗಂಟೆ ಹತ್ತಿರ ಆಗುತ್ತದೆ. ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ, ಮಳೆಗಾಲದಲ್ಲಿ ಸುಮ್ನೆ ರಿಸ್ಕ್ ಯಾಕೆ?

ಇನ್ನೊಂದು ಡಿಸ್ಕ್ ಕೊಂಡು ರೇಡ್ 5 (ಮೂರು ಡಿಸ್ಕಿಗೂ ಡೇಟಾ ಹಂಚಿ ಬರೆಯುವ ಜೋಡಣೆ) ಮಾಡಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇಡ. ಬೋರ್ಡಿನ ರೇಡ್‌ಗೆ ಬ್ಯಾಟರಿ ಇರುವ ಸ್ವಂತ ಕ್ಯಾಶ್ (ಡಿಸ್ಕಿಗೆ ಬರೆಯುವ ಮುನ್ನ ಡೇಟಾ ತಂಗುವ ಮೆಮೊರಿ) ಇರುವುದಿಲ್ಲ, ಪ್ಯಾರಿಟಿ (ಒಂದು ಡಿಸ್ಕ್ ಕೆಟ್ಟರೆ ಡೇಟಾ ಮತ್ತೆ ಕಟ್ಟಲು ಬೇಕಾದ) ಲೆಕ್ಕವೆಲ್ಲ ಡ್ರೈವರ್ ಮತ್ತು ಸಿಪಿಯು ತಲೆ ಮೇಲೆ, ಬರೆಯುವ ವೇಗವೂ ಬೀಳುತ್ತದೆ. ರೇಡ್ 1ರಲ್ಲಾದರೆ ಬೋರ್ಡೇ ಸುಟ್ಟರೂ ಒಂದು ಡಿಸ್ಕನ್ನು ಬೇರೆ ಕಂಪ್ಯೂಟರಿನ ಸಾಟಾ ಪೋರ್ಟಿಗೆ ಹಾಕಿ ಫೈಲ್ ತೆಗೆಯಬಹುದು, ರೇಡ್ 5ರಲ್ಲಿ ಒಂಟಿ ಡಿಸ್ಕಿನಿಂದ ಏನೂ ಬರಲ್ಲ. ಅಲ್ಲದೆ ಯಾವ ರೇಡ್ ಆದರೂ ಅಷ್ಟೇ, ಮದುವೆ ಫೋಲ್ಡರ್ ಒಂದು ಸಲ ಡಿಲೀಟ್ ಮಾಡಿದರೆ ಎಲ್ಲಾ ಕಡೆ ಡಿಲೀಟ್. ಅದೇ ದುಡ್ಡಿನ ಡಿಸ್ಕನ್ನು ಬ್ಯಾಕಪ್‌ಗೆ ಇಟ್ಟುಕೊಳ್ಳಿ. ಸ್ಟುಡಿಯೋದಲ್ಲಿ ಬೇಡ, ಮನೆಯಲ್ಲಿ ಇಡಿ.